ಕೌದಿಯಂತೆ ಹೊಲಿದ ಗೆರೆ: ಒಂದು ಹಳ್ಳಿಗಾಡಿನ ಆದಾಯದ ಲೆಕ್ಕ

ಅಮೆರಿಕದ ನಾರ್ತ್ ಡಕೋಟಾ ರಾಜ್ಯದ ಪಶ್ಚಿಮ ಅಂಚಿನಲ್ಲಿ ಮೆಕೆಂಜಿ ಎಂಬ ಕೌಂಟಿಯಿದೆ, ನಮ್ಮ ಜಿಲ್ಲೆಯಂಥ ಆಡಳಿತ ವಿಭಾಗ. ಗೋಧಿ ಹೊಲ, ದನ ಮೇಯುವ ಬಯಲು, ದೂರ ದೂರದ ಮನೆಗಳು. 2010ರ ಜನಗಣತಿಯಲ್ಲಿ ಅಲ್ಲಿದ್ದವರು 6,360 ಮಂದಿ. ಬಕ್ಕೆನ್ ಶಿಲಾಪದರದ ತೈಲಕ್ಕೆ ಜನ ಮುಗಿಬಿದ್ದರು. 2020ರಲ್ಲಿ ಎಣಿಸಿದಾಗ 14,704. ಅಲ್ಲಿನ ಸಾಧಾರಣ ಮನೆಯ ಆದಾಯ ಇಷ್ಟು ವರ್ಷಗಳಲ್ಲಿ ಹೇಗೆ ಬದಲಾಯಿತು ಎಂದು ಹುಡುಕಿದರೆ ಎಡದಿಂದ ಬಲಕ್ಕೆ ಸಾಗುವ ಗೆರೆಯೊಂದು ಸಿಗುತ್ತದೆ. ನೋಡಲು ಒಂದೇ ನೂಲು. ಹತ್ತಿರ ಹೋದರೆ ಕೌದಿ: ಬೇರೆ ಬೇರೆ ಕಾಲದ, ಬೇರೆ ಬೇರೆ ಪ್ರಶ್ನೆಗಳ ತುಂಡುಗಳು.

ಲೆಕ್ಕ ಹಾಕುವುದು ಸರಾಸರಿಯನ್ನಲ್ಲ, ಮಧ್ಯಾಂಕವನ್ನು. ಎಲ್ಲ ಮನೆಗಳನ್ನೂ ಆದಾಯದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ನಿಲ್ಲುವ ಮನೆಯದು. ತೈಲದ ರಾಜಧನದಿಂದ ನಾಲ್ಕು ಜಮೀನುದಾರರು ಕೋಟ್ಯಧೀಶರಾದರೆ ಸರಾಸರಿ ಜಿಗಿಯುತ್ತದೆ, ಮಧ್ಯಾಂಕ ಜಗ್ಗುವುದಿಲ್ಲ.

ನಮ್ಮ ಜನಗಣತಿ ಆದಾಯವನ್ನು ಕೇಳುವುದೇ ಇಲ್ಲ. ಅಮೆರಿಕದಲ್ಲಿ ಮೊದಲು ಕೇಳಿದ್ದು 1940ರಲ್ಲಿ, ಕೇಳಿದೊಡನೆ ರಾದ್ಧಾಂತವಾಯಿತು. ನ್ಯೂ ಹ್ಯಾಂಪ್‌ಶೈರ್‌ನ ಸೆನೆಟರ್ ಚಾರ್ಲ್ಸ್ ಟೋಬಿ ಇದರ ವಿರುದ್ಧ ಪ್ರಚಾರಕ್ಕಿಳಿದರು. ಗಣತಿದಾರನಿಗೆ ಬಾಯಿಬಿಟ್ಟು ಹೇಳಲೊಲ್ಲದವರು ಬೇರೆ ಚೀಟಿಯಲ್ಲಿ ಬರೆದು, ಲಕೋಟೆ ಅಂಟಿಸಿ ಕಳುಹಿಸಬಹುದು ಎಂದು ಕೊನೆಗೆ ರಾಜಿಯಾಯಿತು. ಗಣತಿಗೆ ಬರುವವನು ಊರಿನವನೇ ಆಗಿರುವ ಕಡೆ ಈ ಸಂಕೋಚ ಅರ್ಥವಾಗುವಂಥದ್ದೇ. ಹಳ್ಳಿಗಾಡಿನ ಮಟ್ಟಿಗೆ ನಿಜವಾದ ಕೊರತೆ ಬೇರೆಯಿತ್ತು. ಕೇಳಿದ್ದು ಕೂಲಿ ಮತ್ತು ಸಂಬಳದ ಮೊತ್ತವನ್ನು ಮಾತ್ರ. ಉಳಿದ ಮೂಲಗಳಿಂದ 50 ಡಾಲರ್ ಅಥವಾ ಅದಕ್ಕಿಂತ ಹೆಚ್ಚು ಬಂತೇ ಎಂದರೆ ಹೌದು ಅಥವಾ ಇಲ್ಲ, ಅಷ್ಟೇ. ಸ್ವಂತ ಹೊಲ ಉಳುವ ರೈತನ ಇಡೀ ವರ್ಷದ ದುಡಿಮೆ ಒಂದು ‘ಹೌದು’ ಆಗಿ ಮುದುಡಿತು.

1950ರಿಂದ ಎಲ್ಲ ಮೂಲಗಳ ಆದಾಯವನ್ನೂ ಕೇಳತೊಡಗಿದರು, ಆದರೆ ಆಯ್ದ ಕೆಲವರನ್ನು ಮಾತ್ರ. 2000ದ ವೇಳೆಗೆ ಆದಾಯದ ಪ್ರಶ್ನೆಯಿದ್ದ ದೀರ್ಘ ನಮೂನೆ ಸುಮಾರು ಆರು ಮನೆಗೆ ಒಂದರಂತೆ ಹೋಗುತ್ತಿತ್ತು. ತೀರಾ ಸಣ್ಣ ಊರುಗಳಲ್ಲಿ ಎರಡಕ್ಕೊಂದು. ಕೇಳುತ್ತಿದ್ದುದು ಹಿಂದಿನ ವರ್ಷದ ಆದಾಯವಾದ್ದರಿಂದ ಕೌಂಟಿಯ ಗೆರೆಯ ಮೇಲೆ 1979, 1989, 1999 ಎಂಬ ಚುಕ್ಕೆಗಳು ಬಿದ್ದವು. ಮೆಕೆಂಜಿಯಂಥ ಸೀಮೆಗೆ ಇದು ಎಂಥ ಅನ್ಯಾಯ ನೋಡಿ. 1980ರ ದಶಕದ ಆರಂಭದಲ್ಲಿ ಅಲ್ಲಿ ತೈಲದ ಭರಾಟೆ ತಾರಕಕ್ಕೇರಿ, 1986ರ ಬೆಲೆ ಕುಸಿತಕ್ಕೆ ನೆಲಕಚ್ಚಿತ್ತು. ಜಾತ್ರೆ ನೆರೆದು ಚದುರಿದ್ದು ಎರಡು ಚುಕ್ಕೆಗಳ ನಡುವೆ. ಗೆರೆಗೆ ಅದರ ಸುದ್ದಿಯೇ ಇಲ್ಲ.

ಹತ್ತು ವರ್ಷ ಕಾಯಲಾಗದ ಅವಸರ ಹುಟ್ಟಿದ್ದು ಅನುದಾನ ಹಂಚಿಕೆಯಿಂದ. 1972ರ ಕಾನೂನಿನಂತೆ ಕೇಂದ್ರದ ವರಮಾನ ಸ್ಥಳೀಯ ಸಂಸ್ಥೆಗಳಿಗೆ ಹಂಚಿಕೆಯಾಗುವಾಗ ತಲಾ ಆದಾಯವೂ ಸೂತ್ರದೊಳಗಿತ್ತು. 500 ಜನರಿಗಿಂತ ಚಿಕ್ಕ ಊರುಗಳಲ್ಲಿ ಆಯ್ದ ಕೆಲವೇ ಮನೆಗಳಿಂದ ಪಡೆದ ಮಾದರಿ ಅಂಕಿ ನಂಬುವಂತಿರಲಿಲ್ಲ. ಹಾಗಾಗಿ ಇಡೀ ಕೌಂಟಿಯ ಅಂಕಿಯನ್ನೇ ಅವುಗಳಿಗೂ ಹಚ್ಚುತ್ತಿದ್ದರು. ಗಣತಿ ಸಂಸ್ಥೆಯ ಸಂಖ್ಯಾಶಾಸ್ತ್ರಜ್ಞರಾದ ರಾಬರ್ಟ್ ಫೇ ಮತ್ತು ರೋಜರ್ ಹೆರಿಯಟ್ 1979ರಲ್ಲಿ ನಡುದಾರಿ ತೋರಿಸಿದರು. ಊರಿನ ಸ್ವಂತ ಅಂಕಿಯನ್ನು ಎಸೆಯಬೇಡಿ, ಪೂರ್ತಿ ನೆಚ್ಚಲೂ ಬೇಡಿ. ತೆರಿಗೆ ದಾಖಲೆಯಂಥ ಬೇರೆ ಸುಳಿವುಗಳಿಂದ ಕಟ್ಟಿದ ಅಂದಾಜಿನೊಂದಿಗೆ ಹದವಾಗಿ ಬೆರೆಸಿ. ಸ್ವಂತ ಮಾದರಿ ಚಿಕ್ಕದಾದಷ್ಟೂ ಎರವಲು ಹೆಚ್ಚು. ಹಾಲು ನಮ್ಮದು, ಹೆಪ್ಪು ಪಕ್ಕದ ಮನೆಯದು ಎಂಬ ಲೆಕ್ಕ.

ಶಾಲಾ ಅನುದಾನಕ್ಕೆ ಹಳೆಯ ಗಣತಿಯ ಅಂಕಿ ಸಾಲದು ಎಂದು ಸಂಸತ್ತು 1994ರಲ್ಲಿ ಹೊಸ ಕಾನೂನು ತಂದಾಗ ಇದೇ ಹಾದಿಯಲ್ಲಿ ಗಣತಿ ಸಂಸ್ಥೆ ಕೌಂಟಿಗಳ ಬಡತನ ಮತ್ತು ಆದಾಯದ ಅಂದಾಜು ಕಟ್ಟತೊಡಗಿತು. ಮೊದಲ ಅಂದಾಜು 1993ರ ಆದಾಯದ್ದು. ತೆರಿಗೆ ವಿವರ, ಆಹಾರ ಕೂಪನ್ ಪಡೆದವರ ಸಂಖ್ಯೆ, ಹಿಂದಿನ ಗಣತಿ ಎಲ್ಲವೂ ಆ ಪಾತ್ರೆಯೊಳಗೆ. 2005ರಿಂದ ಇದರ ತಳಹದಿಯೇ ಬದಲಾಗಿ, ವರ್ಷವಿಡೀ ನಡೆಯುವ ಅಮೆರಿಕನ್ ಸಮುದಾಯ ಸಮೀಕ್ಷೆ ಒಳಬಂತು. 2004 ಮತ್ತು 2005ರ ನಡುವೆ ಗೆರೆ ಕುಣಿದರೆ ಕುಣಿದದ್ದು ಕೌಂಟಿಯೋ ಅಳತೆಗೋಲೋ ಎಂದು ಮೊದಲು ಕೇಳಬೇಕು.

ಆ ಸಮೀಕ್ಷೆ 65,000 ಜನರಿಗಿಂತ ಚಿಕ್ಕ ಜಾಗಗಳಿಗೆ ಒಂದು ವರ್ಷದ ಪೂರ್ಣ ಅಂಕಿ ಕೊಡುವುದಿಲ್ಲ. ಐದು ವರ್ಷದ ಉತ್ತರಗಳನ್ನು ಒಟ್ಟುಗೂಡಿಸುತ್ತದೆ. 2014ರ ಕೊನೆಯಲ್ಲಿ ತೈಲಬೆಲೆ ಜಾರಿತು. 2012–16ರ ಅಂಕಿಯಲ್ಲಿ ಭರಾಟೆಯೂ ಇಳಿತವೂ ಒಂದೇ ಸಾರಿನಲ್ಲಿ ಕುದಿದಿವೆ. ಮರುವರ್ಷದ 2013–17ರ ಜೊತೆ ಅದನ್ನು ಹೋಲಿಸುವುದೂ ವ್ಯರ್ಥ, ಐದರಲ್ಲಿ ನಾಲ್ಕು ವರ್ಷ ಎರಡರಲ್ಲೂ ಇವೆ.

ಇಷ್ಟೆಲ್ಲ ಸರಿದೂಗಿಸಿದ ಮೇಲೂ ಹೊರರಾಜ್ಯದಿಂದ ಬಂದ ಕೊರೆಯುವ ಕೆಲಸಗಾರ ಎಲ್ಲಿಯವನು? ದಶವಾರ್ಷಿಕ ಗಣತಿಗೆ ಅವನು ವರ್ಷದ ಹೆಚ್ಚು ದಿನ ಇರುವ ಮನೆಯವನು. ಸಮೀಕ್ಷೆಗೆ, ಎರಡು ತಿಂಗಳು ಮೀರಿ ಉಳಿಯುವಂತಿದ್ದರೆ ಮೆಕೆಂಜಿಯವನು. ತೆರಿಗೆ ಇಲಾಖೆಗೆ ತೆರಿಗೆ ವಿವರದಲ್ಲಿ ಬರೆದ ವಿಳಾಸದವನು. ಕಾರ್ಮಿಕರ ಸಾಮೂಹಿಕ ವಸತಿಯಲ್ಲಿ ಮಲಗುತ್ತಿದ್ದರೆ ಅವನ ಸಂಬಳ ಮನೆಗಳ ಆದಾಯದ ಸಾಲಿಗೇ ಬರುವುದಿಲ್ಲ. ಅವನೇ ಬಾಡಿಗೆ ಮನೆ ಹಿಡಿದ ದಿನ ಸಾಲಿನ ಮೇಲ್ತುದಿಯ ಕಡೆಗೆ ಬಂದು ನಿಲ್ಲುತ್ತಾನೆ, ಅಂಥವರು ಸಾವಿರಾರು ಸೇರಿದರೆ ನಡುವಿನ ಸ್ಥಾನ ಅವರತ್ತ ಸರಿಯುತ್ತದೆ. ಮೊದಲು ಆ ಸ್ಥಾನದಲ್ಲಿದ್ದ ದನಗಾಹಿಯ ಮನೆಗೆ ಒಂದು ಡಾಲರೂ ಹೆಚ್ಚು ಬಂದಿರದಿದ್ದರೂ ಗೆರೆ ಮೇಲೇರುತ್ತದೆ.