ಬಿಷಪ್ ನಿಜವಾದವರೇ ಇರಬಹುದು, ಆದರೆ ನಿಮ್ಮ ಮದುವೆ ಮಾಡಿಸಲು ಅಧಿಕಾರ ಕೊಟ್ಟವರು ಯಾರು?

ನಾನು ಧಾರವಾಡದಲ್ಲಿ ವಕೀಲ. ಕಥೋಲಿಕ ಧರ್ಮಸಭೆಯ ಕಾನೂನನ್ನೂ ಓದಿಕೊಂಡವನು. ಹುಬ್ಬಳ್ಳಿ, ಗದಗ ಕಡೆಯಿಂದ ಬರುವ ಕಥೋಲಿಕ ಮನೆತನದವರು ನನ್ನನ್ನು ಕೇಳುವುದು ಒಂದೇ: "ಸರ್, ಇವರು ನಿಜವಾದ ಬಿಷಪ್ ಹೌದೋ ಅಲ್ಲೋ?" ಇದನ್ನು ಕೇಳಿ ಕೇಳಿ ಸಾಕಾಗಿದೆ. ಉತ್ತರ ಹೌದು ಅಂತಾದರೂ ನಿಮ್ಮ ಕೆಲಸ ಆಗುವುದಿಲ್ಲ.

ನಡೆಯುವುದು ಹೀಗೆ. ಮಗಳ ಮದುವೆ ಗೊತ್ತಾಗಿರುತ್ತದೆ. ಧರ್ಮಕೇಂದ್ರದ ಫಾದರ್ ಯಾವುದೋ ಕಾಗದ ಕೇಳಿರುತ್ತಾರೆ, ಮಾತಿಗೆ ಮಾತು ಬೆಳೆದಿರುತ್ತದೆ. ಅಷ್ಟರಲ್ಲಿ "ನಾವೂ ಕಥೋಲಿಕರೇ, ಆದರೆ ಸ್ವತಂತ್ರರು" ಅನ್ನುವ ಒಬ್ಬ ಬಿಷಪ್ ಸಿಗುತ್ತಾರೆ. ಕೇಳಿದ ದಿನಕ್ಕೇ ಮದುವೆ ಮಾಡಿಸಲು ಒಪ್ಪುತ್ತಾರೆ. ಸಂಶಯ ಬಂದರೆ ಒಂದು ವಂಶಾವಳಿ ತೋರಿಸುತ್ತಾರೆ: ಯೇಸುವಿನ ಶಿಷ್ಯರಾದ ಪ್ರೇಷಿತರಿಂದ ಹಿಡಿದು ತಮ್ಮ ತನಕ ಯಾರು ಯಾರ ತಲೆ ಮೇಲೆ ಕೈ ಇಟ್ಟು ದೀಕ್ಷೆ ಕೊಟ್ಟರು ಅನ್ನುವ ಪಟ್ಟಿ.

ಪಟ್ಟಿ ನೋಡಿದ ಕೂಡಲೇ ನಮ್ಮ ಜನ ಒಪ್ಪಿಬಿಡುತ್ತಾರೆ. ಮಠಗಳ ನಡುವೆ ಬೆಳೆದವರು ನಾವು. ಹಿರಿಯ ಸ್ವಾಮಿಗಳು ಮರಿಗೆ ಪಟ್ಟ ಕಟ್ಟಿದರೆ ಪೀಠವೂ ಬಂದಂತೆ ಅನ್ನುವ ಲೆಕ್ಕ ತಲೆಯಲ್ಲಿ ಕೂತಿದೆ. ಕಥೋಲಿಕರಲ್ಲಿ ಹಾಗಿಲ್ಲ. ದೀಕ್ಷೆ ಬೇರೆ, ಅಧಿಕಾರ ಬೇರೆ. ದೀಕ್ಷೆ ಕೈ ಇಡುವುದರಿಂದ ಬರುತ್ತದೆ, ಒಮ್ಮೆ ಬಂದರೆ ಯಾರೂ ಅಳಿಸಲಾರರು. ಇಂಥ ಊರಿನಲ್ಲಿ, ಇಂಥ ಜನರ ಮೇಲೆ, ಇಂಥ ಕೆಲಸ ಮಾಡಬಹುದು ಅನ್ನುವ ಅಧಿಕಾರವನ್ನು ಮಾತ್ರ ಧರ್ಮಸಭೆ ಕೊಡಬೇಕು. ಕೊಟ್ಟದ್ದನ್ನು ವಾಪಸ್ಸೂ ತಗೊಳ್ಳಬಹುದು. ನಮ್ಮ ಲ್ಯಾಟಿನ್ ವಿಧಿಯಲ್ಲಿ ಬಿಷಪ್ಪರ ನೇಮಕ ಪೋಪ್ ಅವರ ಕೈಯಲ್ಲಿದೆ, ಹಿಂದಿನ ಬಿಷಪ್ ತಮ್ಮ ಉತ್ತರಾಧಿಕಾರಿಯನ್ನು ಹೆಸರಿಸುವ ಪದ್ಧತಿಯೇ ಇಲ್ಲ.

ಪಟ್ಟಿಯ ವಿಷಯಕ್ಕೇ ಬರೋಣ. ಇವತ್ತಿನ ಕಥೋಲಿಕ ಬಿಷಪ್ಪರಲ್ಲಿ 10ಕ್ಕೆ 9ಕ್ಕಿಂತ ಜಾಸ್ತಿ ಜನರ ದೀಕ್ಷಾ ಪರಂಪರೆ ಹಿಂದಕ್ಕೆ ಹೋಗಿ ಶಿಪಿಯೋನೆ ರೆಬೀಬಾ ಎಂಬ ಇಟಲಿಯ ಕಾರ್ಡಿನಲ್ ಹತ್ತಿರ ನಿಲ್ಲುತ್ತದೆ. ಅವರು ಬಿಷಪ್ ಆದದ್ದು 1541ರಲ್ಲಿ. ಅವರಿಗೆ ದೀಕ್ಷೆ ಕೊಟ್ಟವರು ಯಾರು ಅನ್ನುವುದಕ್ಕೆ ದಾಖಲೆಯೇ ಸಿಕ್ಕಿಲ್ಲ! ಅಲ್ಲಿಂದಾಚೆ ಪ್ರೇಷಿತರ ತನಕ ಒಬ್ಬೊಬ್ಬರ ಹೆಸರು ಬರೆದ ಕಾಗದ ರೋಮಿನಲ್ಲೇ ಇಲ್ಲ. ಅದರಿಂದ ಯಾರ ನಂಬಿಕೆಗೂ ಪೆಟ್ಟು ಬಿದ್ದಿಲ್ಲ, ಯಾಕೆಂದರೆ ಧರ್ಮಸಭೆ ನಿಂತಿರುವುದು ಒಂದು ಪಟ್ಟಿಯ ಮೇಲಲ್ಲ.

ಹುಬ್ಬಳ್ಳಿ ಕೇಶ್ವಾಪುರದ ಒಬ್ಬ ಅಜ್ಜ ಮೊಮ್ಮಗಳ ಸಲುವಾಗಿ ಅಂಥದ್ದೇ ಪಟ್ಟಿ ತಂದಿದ್ದರು. ಲ್ಯಾಮಿನೇಟ್ ಮಾಡಿಸಿ, ಬಟ್ಟೆ ಚೀಲದಲ್ಲಿ ಜೋಪಾನವಾಗಿ ಇಟ್ಟುಕೊಂಡು ಬಂದಿದ್ದರು. ನಡುವೆ ಎರಡು ಹೆಸರು: ಅಲ್ವಾರಿಸ್, ಕೆಳಗೆ ವಿಲಾತ್. "ಅಜ್ಜಾರ, ಇದರ ಕಥಿ ನಮ್ಮ ಕರ್ನಾಟಕದ ತನಕ ಬರತದ" ಅಂದೆ. 1886ರಲ್ಲಿ ಪೋಪ್ 13ನೇ ಲಿಯೋ ಮತ್ತು ಪೋರ್ಚುಗಲ್ ನಡುವೆ ಒಪ್ಪಂದವಾಗಿ, ಭಾರತದ ಚರ್ಚುಗಳ ಮೇಲೆ ಪೋರ್ಚುಗಲ್ ದೊರೆಗಿದ್ದ ಹಕ್ಕು ಮೊಟಕಾಯಿತು. ಗೋವಾದ ಕೈಕೆಳಗಿದ್ದ ಕೆಲವು ಕಡೆ ಅಸಮಾಧಾನ ಎದ್ದಿತು. ಗೋವಾದ ಪಾದ್ರಿ ಅಲ್ವಾರಿಸ್ ರೋಮನ್ನು ಬಿಟ್ಟು, 1889ರಲ್ಲಿ ಕೇರಳದ ಮಲಂಕರ ಆರ್ಥೊಡಾಕ್ಸ್ ಸಭೆಯಲ್ಲಿ ಮಾರ್ ಜೂಲಿಯಸ್ ಎಂಬ ಹೆಸರಿನಿಂದ ಬಿಷಪ್ ಆದರು. ಉಡುಪಿ ಕಡೆಯ ಬ್ರಹ್ಮಾವರದ ಅನೇಕ ಕುಟುಂಬಗಳು ಅವರ ಹಿಂದೆ ಹೋದವು, ಆ ಸಮುದಾಯ ಇವತ್ತಿಗೂ ಇದೆ, ಗೌರವದಿಂದ ಬಾಳುತ್ತಿದೆ. 1892ರಲ್ಲಿ ಅಲ್ವಾರಿಸ್ ಕೊಲಂಬೊದಲ್ಲಿ ರೆನೆ ವಿಲಾತ್ ಎಂಬುವರಿಗೆ ಬಿಷಪ್ ದೀಕ್ಷೆ ಕೊಟ್ಟರು. ವಿಲಾತ್ ಮತ್ತೆ ಬೇರೆಯವರಿಗೆ ಕೊಟ್ಟರು, ಅವರು ಇನ್ನೂ ಕೆಲವರಿಗೆ. ಲೋಕದ ತುಂಬ ಇರುವ ಎಷ್ಟೋ ಸಣ್ಣ ಸ್ವತಂತ್ರ ಸಭೆಗಳ ಪಟ್ಟಿಯಲ್ಲಿ ಈ ಹೆಸರು ಬರುವುದು ಹೀಗೆ. ಅಜ್ಜನ ಪಟ್ಟಿಯಲ್ಲಿದ್ದದ್ದು ಸುಳ್ಳಲ್ಲ. ಆದರೆ ಆ ಸಾಲಿನಲ್ಲಿ ಬಂದವರಿಗೆ ಕಥೋಲಿಕರ ಮದುವೆ ಮಾಡಿಸುವ ಅಧಿಕಾರವನ್ನು ರೋಮ್ ಕೊಟ್ಟಿಲ್ಲ.

ಇದಕ್ಕೆ ಉಲ್ಟಾ ಕಥೆ ನಮ್ಮ ಸೀಮೆಯದ್ದೇ ಇದೆ. 1637ರಲ್ಲಿ ಗೋವಾದ ಮತೇವುಸ್ ದೆ ಕಾಸ್ತ್ರೋ ರೋಮಿನಲ್ಲಿ ಬಿಷಪ್ ಆಗಿ, ಆದಿಲ್ ಶಾಹಿಗಳ ವಿಜಯಪುರ ರಾಜ್ಯದ ಹೊಣೆ ಹೊತ್ತು ಬಂದರು. ಆಗ ಧಾರವಾಡವೂ ಆ ರಾಜ್ಯದಲ್ಲೇ ಇತ್ತು. ಪೋಪ್ ಕೊಟ್ಟ ಅಧಿಕಾರ ಕೈಯಲ್ಲಿದ್ದರೂ ಗೋವಾದ ಚರ್ಚಿನ ಹಿರಿಯರು ಅವರನ್ನು ಒಪ್ಪಲಿಲ್ಲ. ಪೋರ್ಚುಗಲ್ ದೊರೆಯ ಒಪ್ಪಿಗೆ ಇಲ್ಲದೆ ಇಲ್ಲಿ ಯಾರೂ ಬಿಷಪ್ ಆಗಿ ಕೆಲಸ ಮಾಡುವಂತಿಲ್ಲ ಅನ್ನುವುದು ಅವರ ವಾದ. ಆ ಜಗಳದ ಬೇರೂ ಅಧಿಕಾರವೇ.

ಇನ್ನೂ ಸ್ಪಷ್ಟ ಬೇಕೆಂದರೆ 1988 ನೋಡಿ. ಆರ್ಚ್‌ಬಿಷಪ್ ಮಾರ್ಸೆಲ್ ಲೆಫೆವ್ರ್ ಸ್ವಿಟ್ಜರ್ಲೆಂಡಿನ ಎಕೋನ್‌ನಲ್ಲಿ ಪೋಪ್ ಅಪ್ಪಣೆ ಇಲ್ಲದೆ, ತಾವು ಕಟ್ಟಿದ ಪಾದ್ರಿಗಳ ಸಂಘದ 4 ಜನರಿಗೆ ಬಿಷಪ್ ದೀಕ್ಷೆ ಕೊಟ್ಟರು. ಆ ನಾಲ್ವರು ಬಿಷಪ್ಪರೇ ಅಲ್ಲ ಅಂತ ರೋಮ್ ಹೇಳಲಿಲ್ಲ. ಆದರೆ ಬಹಿಷ್ಕಾರ ಬಿತ್ತು. 2009ರಲ್ಲಿ ಪೋಪ್ 16ನೇ ಬೆನೆಡಿಕ್ಟ್ ಬಹಿಷ್ಕಾರ ತೆಗೆದರು. ತೆಗೆದ ಮೇಲೂ, ಆ ಸಂಘದವರಿಗೆ ಧರ್ಮಸಭೆಯಲ್ಲಿ ನ್ಯಾಯಬದ್ಧ ಸೇವಾಧಿಕಾರ ಇಲ್ಲ ಅಂತ ಅವರೇ ಬರೆದರು. ಪಾಪನಿವೇದನೆ (ಕನ್ಫೆಶನ್) ಕೇಳುವ ಅಧಿಕಾರ ಆ ಸಂಘದ ಗುರುಗಳಿಗೆ ಸಿಕ್ಕಿದ್ದು 2015ರಲ್ಲಿ, ಪೋಪ್ ಫ್ರಾನ್ಸಿಸ್ ಕೊಟ್ಟ ಮೇಲೆ. ಮದುವೆಗೆ ದಾರಿ ಆದದ್ದು 2017ರಲ್ಲಿ, ಅದೂ ಸ್ಥಳೀಯ ಬಿಷಪ್ ಮೂಲಕ. ದೀಕ್ಷೆ ಮೊದಲಿಂದಲೂ ಇತ್ತು. ಬಂದದ್ದು ಅಧಿಕಾರ.

ನಿಮಗೆ ಇದು ಯಾಕೆ ಮುಖ್ಯ ಅಂದರೆ, ಎಲ್ಲ ಸಂಸ್ಕಾರಕ್ಕೂ ಲೆಕ್ಕ ಒಂದೇ ಅಲ್ಲ. ನಿಜವಾದ ಗುರು ಅಪ್ಪಣೆ ಇಲ್ಲದೆ ಬಲಿಪೂಜೆ (ಮಾಸ್) ಅರ್ಪಿಸಿದರೆ ಅದು ಬಲಿಪೂಜೆಯೇ, ಮಾಡಿದ್ದು ಮಾತ್ರ ತಪ್ಪು. ಮದುವೆಗೆ ಹಾಗಿಲ್ಲ. ಕಥೋಲಿಕರ ಮದುವೆಗೆ ಸ್ಥಳೀಯ ಬಿಷಪ್, ಧರ್ಮಕೇಂದ್ರದ ಗುರು ಅಥವಾ ಅವರು ಒಪ್ಪಿಗೆ ಕೊಟ್ಟವರು ಬೇಕು. ಇಲ್ಲದಿದ್ದರೆ ಸಾಮಾನ್ಯವಾಗಿ ಧರ್ಮಸಭೆಯ ಲೆಕ್ಕದಲ್ಲಿ ಮದುವೆ ಆಗಿಯೇ ಇಲ್ಲ. ಪಾಪನಿವೇದನೆಗೂ ಅಧಿಕಾರ ಬೇಕು, ಸಾಯುವ ಸ್ಥಿತಿಯಲ್ಲಿ ಇರುವವರನ್ನು ಬಿಟ್ಟು. ಅಂಥ ಹೊತ್ತಿನಲ್ಲಿ ಅಧಿಕಾರ ಕಳೆದುಕೊಂಡ ಗುರುವೂ ಪಾಪ ಕ್ಷಮಿಸಬಹುದು. ನನಗೆ ಈ ನಿಯಮ ತುಂಬ ಇಷ್ಟ.

'ಸಾಮಾನ್ಯವಾಗಿ' ಅಂದೆ, ಗಮನಿಸಿ. ಗುರುವಿಗೆ ಅಧಿಕಾರ ಇದೆ ಅಂತ ಜನರೆಲ್ಲ ತಪ್ಪು ತಿಳಿಯಲು ಕಾರಣ ಇದ್ದಾಗ ಧರ್ಮಸಭೆಯೇ ಆ ಕೊರತೆ ತುಂಬುವ ನಿಯಮವೂ ಇದೆ. ಅದಕ್ಕೇ ಕಾಗದ ನೋಡದೆ ಫೋನಿನಲ್ಲಿ ನಾನು ಏನೂ ಹೇಳುವುದಿಲ್ಲ.

ಸರ್ಕಾರದ ಕಾನೂನೂ ಬೇರೆ. 1872ರ ಕ್ರೈಸ್ತ ವಿವಾಹ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಬಿಷಪ್ಪರಿಂದ ದೀಕ್ಷೆ ಪಡೆದವರು ಮದುವೆ ಮಾಡಿಸಬಹುದು, ತಾವಿರುವ ಸಭೆಯ ನಿಯಮ, ವಿಧಿ, ಪದ್ಧತಿಗಳಂತೆ. "ನಮ್ಮ ಸಭೆಯ ಪದ್ಧತಿಯಂತೆ ಮಾಡಿದ್ದೇವೆ" ಅಂತ ಸ್ವತಂತ್ರ ಸಭೆಯವರು ವಾದಿಸಬಹುದು. ಕೋರ್ಟು ಏನನ್ನುತ್ತದೆ ಅನ್ನುವುದು ಆಯಾ ಕೇಸಿನ ದಾಖಲೆ ಮೇಲೆ. ಹಾಗಾಗಿ ಕೋರ್ಟಿನಲ್ಲಿ ನಿಲ್ಲುವ ಮದುವೆ ಚರ್ಚಿನಲ್ಲಿ ನಿಲ್ಲದೇ ಹೋಗಬಹುದು.

ಈಗಾಗಲೇ ಮದುವೆ ಆಗಿದ್ದರೆ ಗಾಬರಿ ಬೇಡ. ಸರಿಪಡಿಸುವ ದಾರಿಗಳಿವೆ, ಕೆಲವು ಸಲ ಮತ್ತೆ ಒಪ್ಪಿಗೆಯ ಮಾತು ಹೇಳಿಸದೆಯೂ ಬಿಷಪ್ ಮದುವೆಯನ್ನು ಮೂಲದಿಂದಲೇ ಊರ್ಜಿತ ಮಾಡಬಹುದು. ಅಜ್ಜನ ಮೊಮ್ಮಗಳದ್ದು ಇನ್ನೂ ಆಗಿರಲಿಲ್ಲ. ಫಾದರ್ ಜೊತೆ ಕೂತು ಮಾತಾಡಿದರು, ಬಾಕಿ ಇದ್ದದ್ದು ದೀಕ್ಷಾಸ್ನಾನದ ಒಂದು ಸರ್ಟಿಫಿಕೇಟು. ಅದೂ ಬಂತು.

ಹೊಸ ಗುರು ಯಾರಾದರೂ ಬಂದರೆ ವಂಶಾವಳಿ ಕೇಳಬೇಡಿ. ತಮ್ಮ ಬಿಷಪ್ ಕೊಟ್ಟ ಪರಿಚಯ ಪತ್ರ ಕೇಳಿ, ಅದಕ್ಕೆ ಸೆಲೆಬ್ರೆಟ್ ಅನ್ನುತ್ತಾರೆ. ಅದರ ಮೇಲೆ, ನಿಮ್ಮ ಮದುವೆ ಮಾಡಿಸಲು ಇಲ್ಲಿನ ಧರ್ಮಕೇಂದ್ರದ ಗುರುಗಳು ಬರೆದುಕೊಟ್ಟ ಒಪ್ಪಿಗೆ ಕೇಳಿ. ಹುಬ್ಬಳ್ಳಿ-ಧಾರವಾಡ ಬೆಳಗಾವಿ ಬಿಷಪ್ಪರ ಧರ್ಮಪ್ರಾಂತ್ಯಕ್ಕೆ ಸೇರಿದ್ದು, ಅನುಮಾನ ಉಳಿದರೆ ಅಲ್ಲಿಗೆ ಒಂದು ಫೋನ್ ಮಾಡಿ. ಕಲ್ಯಾಣ ಮಂಟಪಕ್ಕೆ ಅಡ್ವಾನ್ಸ್ ಕೊಡುವ ಮೊದಲೇ ಮಾಡಿ.