ಮಿಂಚಿಗೂ ಗುಡುಗಿಗೂ ನಡುವೆ 9 ಸೆಕೆಂಡ್: ಸಿಡಿಲು ಎಷ್ಟು ದೂರ?

"ಮಿಂಚು ಕಂಡ ಮೇಲೆ ಗುಡುಗು ಕೇಳೋಕೆ ಎಷ್ಟು ಸೆಕೆಂಡೋ, ಸಿಡಿಲು ಅಷ್ಟೇ ಕಿಲೋಮೀಟರ್ ದೂರ ಅಂತ ನಮ್ಮ ಮಕ್ಕಳ ಪುಸ್ತಕದಲ್ಲಿದೆ. ಸರೀನಾ? ತಪ್ಪಾಗಿದ್ದರೆ ತಿದ್ದಿಸೋದು ಹೇಗೆ?" ಇದು ಶಿಗ್ಗಾಂವಿಯ ಶಿಕ್ಷಕಿಯೊಬ್ಬರ ಪ್ರಶ್ನೆ.

ತಪ್ಪು, ಅಕ್ಕೋರೇ. ಅದೂ ಮೂರು ಪಟ್ಟು ತಪ್ಪು. ಬೆಳಕು ಕಣ್ಣಿಗೆ ತಕ್ಷಣ ಬೀಳುತ್ತದೆ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಮಾತ್ರ ಸಾಗುತ್ತದೆ. ಅಂದರೆ ಒಂದು ಕಿಲೋಮೀಟರಿಗೆ ಹತ್ತಿರ ಹತ್ತಿರ 3 ಸೆಕೆಂಡ್. 9 ಸೆಕೆಂಡ್ ಎಣಿಸಿದರೆ ಸಿಡಿಲು ಬಿದ್ದಿರೋದು 3 ಕಿಲೋಮೀಟರ್ ಆಚೆ, 9 ಅಲ್ಲ.

ಲೆಕ್ಕದ ಸಣ್ಣ ತಪ್ಪು ಅಂತ ಬಿಡುವ ಹಾಗಿಲ್ಲ. ಏಪ್ರಿಲ್-ಮೇ ತಿಂಗಳಲ್ಲಿ ನಮ್ಮ ಹಾವೇರಿ, ಗದಗ, ಧಾರವಾಡದ ಕಡೆ ಮಧ್ಯಾಹ್ನದ ಮೇಲೆ ಮೋಡ ಕಟ್ಟುತ್ತದೆ. ಹೊಲದಲ್ಲಿ ಜನ ಇರುತ್ತಾರೆ, ಕುರಿ ಮೇಯಿಸುವವರು ಬಯಲಲ್ಲಿ ಇರುತ್ತಾರೆ. ಮಳೆ ಸುರಿಯುವ ಜಾಗದಿಂದ 10 ಕಿಲೋಮೀಟರ್ ಆಚೆಗೂ ಸಿಡಿಲು ಬೀಳಬಲ್ಲದು, ತಲೆ ಮೇಲೆ ಬಿಸಿಲಿದ್ದರೂ. ಪುಸ್ತಕ ನಂಬಿದ ಹುಡುಗ '30 ಸೆಕೆಂಡ್, ಅಂದ್ರೆ 30 ಕಿಲೋಮೀಟರ್, ಇನ್ನೂ ಟೈಮ್ ಇದೆ' ಅಂದುಕೊಳ್ಳುತ್ತಾನೆ. ನಿಜವಾದ ದೂರ ಬರೀ 10. ಅಷ್ಟರಲ್ಲಿ ಅವನು ಪಕ್ಕಾ ಮನೆಯೊಳಗೆ ಅಥವಾ ಗಾಜು ಏರಿಸಿದ ಕಾರಿನೊಳಗೆ ಇರಬೇಕು. ಕೊನೆಯ ಗುಡುಗು ಕೇಳಿದ ಮೇಲೂ 30 ನಿಮಿಷ ಹೊರಗೆ ಬರಬಾರದು. ಬೇವಿನ ಗಿಡದ ಬುಡ ಆಸರೆಯಲ್ಲ. ಗಿಡಕ್ಕೆ ಬಡಿದ ವಿದ್ಯುತ್ತು ಪಕ್ಕದವರ ಮೈಗೂ ಹಾರುತ್ತದೆ, ನೆಲದಲ್ಲೂ ಹರಡುತ್ತದೆ.

ಅದೇ ಪುಸ್ತಕದಲ್ಲಿ 'ಮೋಡಗಳು ಡಿಕ್ಕಿ ಹೊಡೆದು ಗುಡುಗುತ್ತವೆ' ಅಂತಲೂ ಇದ್ದರೆ ಅದನ್ನೂ ಗುರುತು ಹಾಕಿ. ಮಿಂಚಿನ ಹಾದಿಯ ಗಾಳಿ ಕ್ಷಣದಲ್ಲಿ ಸುಮಾರು 30,000 ಡಿಗ್ರಿ ಸೆಲ್ಸಿಯಸ್‌ಗೆ ಕಾದು ಸಿಡಿಯುವ ಸದ್ದೇ ಗುಡುಗು. ಮೋಡದ ಡಿಕ್ಕಿಯ ಮಾತು ತಪ್ಪೇ, ಆದರೆ ಯಾರ ಜೀವಕ್ಕೂ ಕುತ್ತಲ್ಲ. ಮೊದಲು ಸೆಕೆಂಡಿನ ಲೆಕ್ಕ ಸರಿಮಾಡಿಸಿ.

ಸರ್ಕಾರಿ ಪಠ್ಯವಾದರೆ ಬೆಂಗಳೂರಿನ ಕರ್ನಾಟಕ ಪಠ್ಯಪುಸ್ತಕ ಸಂಘಕ್ಕೆ ಬರೆಯಿರಿ. ಖಾಸಗಿ ಗೈಡ್ ಆದರೆ ಒಳಪುಟದಲ್ಲಿ ಪ್ರಕಾಶಕರ ವಿಳಾಸ ಇರುತ್ತದೆ. ಸುಮ್ನೆ 'ಪಾಠದಲ್ಲಿ ತಪ್ಪಿದೆ' ಅಂದರೆ ಕಾಗದ ಮೂಲೆ ಸೇರುತ್ತದೆ. ಮುದ್ರಣದ ವರ್ಷ, ಪುಟ, ಸಾಲು ಹೇಳಿ. ಈಗಿರುವ ವಾಕ್ಯವನ್ನು ಇದ್ದ ಹಾಗೇ ಬರೆದು, ಕೆಳಗೆ ಬದಲಿ ವಾಕ್ಯವನ್ನೂ ನೀವೇ ಕೊಡಿ: 'ಸೆಕೆಂಡುಗಳನ್ನು 3ರಿಂದ ಭಾಗಿಸಿದರೆ ದೂರ ಕಿಲೋಮೀಟರಿನಲ್ಲಿ ಸಿಗುತ್ತದೆ.' ಪಾಠದ ಸಾಲು ತಿದ್ದಿ ಅಭ್ಯಾಸದ ಪ್ರಶ್ನೆ ಮರೆಯೋದು ಜಾಸ್ತಿ. ಚಿತ್ರದ ಕೆಳಗಿನ ಬರಹ, ಪುಸ್ತಕದ ಕೊನೆಯಲ್ಲಿರುವ ಉತ್ತರ ಎರಡನ್ನೂ ನೋಡಿ.

ಹೊಸ ಮುದ್ರಣ ಬರೋವರೆಗೆ ಕಾಯಬೇಡಿ. ನಾಳೆಯೇ ಮಕ್ಕಳ ಕೈಯಲ್ಲೇ ಪೆನ್ನಿನಿಂದ ತಿದ್ದಿಸಿ. ಕಿರುಪರೀಕ್ಷೆಯ ಪ್ರಶ್ನೆಪತ್ರಿಕೆ ತೆಗೆಯುವವರು ನೀವೇ ಅಲ್ವಾ? 9 ಸೆಕೆಂಡಿಗೆ 3 ಕಿಲೋಮೀಟರ್ ಅಂತ ಬರೆದವರಿಗೆ ಪೂರ್ತಿ ಅಂಕ ಕೊಡಿ.