ಕಾಫಿನೂ ಹೊರಗಿಂದ ಬಂದಿದ್ದೇ, ಮತ್ತೆ ಲಂಟಾನ ಕಂಡ್ರೆ ಯಾಕಿಷ್ಟು ಸಿಟ್ಟು?

ಓದುಗರ ಪ್ರಶ್ನೆ: ನಮ್ ಚಿಕ್ಕಮಗಳೂರಿನ ಕಾಫಿ ಯೆಮೆನ್‌ನಿಂದ ಬಂತು, ಸಿಲ್ವರ್ ಮರ ಆಸ್ಟ್ರೇಲಿಯಾದ್ದು, ಅದಕ್ಕೆಲ್ಲ ಏನೂ ಅನ್ನಲ್ಲ, ಬೇಲಿ ಮೇಲಿನ ಲಂಟಾನ ಮಾತ್ರ ಕಿತ್ತಾಕಿ ಅಂತೀರಲ್ಲ, ಹೂವೂ ಚೆನ್ನಾಗಿದೆ, ಚಿಟ್ಟೆನೂ ಬರ್ತವೆ?

ಒಳ್ಳೇ ಪ್ರಶ್ನೆ. ಹೊರಗಿಂದ ಬಂದಿದ್ದೆಲ್ಲ ಬೇಡ ಅಂದ್ರೆ ಟೊಮೇಟೊ, ಮೆಣಸಿನಕಾಯಿ ಇಲ್ದೆ ಸಾರು ಮಾಡ್ಬೇಕಾಗುತ್ತೆ. ಸಿಟ್ಟು ಹೊರಗಿಂದ ಬಂದಿದ್ದಕ್ಕಲ್ಲ, ಕೈಮೀರಿ ಹಬ್ಬೋದಕ್ಕೆ. ಬಾಬಾ ಬುಡನ್ ಏಳು ಕಾಫಿ ಬೀಜ ತಂದ್ರು ಅನ್ನೋ ಕಥೆ 1670ರ ಸುಮಾರಿನದು, ಇವತ್ತಿಗೂ ಅರೇಬಿಕಾ ಕಾಫಿಗೆ ಕಂಬಚಿಗುರು (ಕಾಂಡದ ಮೇಲಿನ ಬೇಡದ ಚಿಗುರು) ತೆಗೀಬೇಕು, ಮರಗಸಿ (ನೆರಳಿನ ಮರದ ಕೊಂಬೆ ಸವರೋದು) ಮಾಡಿಸ್ಬೇಕು, ಕಾಂಡ ಕೊರೆಯೋ ಬೋರರ್ ಹುಳದ ಕಾಟ ನೋಡ್ಕೋಬೇಕು. ಮೂರ್ನಾಲ್ಕು ವರ್ಷ ತೋಟ ಹಾಳು ಬಿಟ್ಟು ನೋಡಿ, ಕಾಫಿ ಸೊರಗಿರುತ್ತೆ, ಅದರ ತಲೆ ಮೇಲೆ ಹತ್ತಿ ಕೂತಿರೋದು ಲಂಟಾನ! (ಇನ್ನೊಂದು ಜಾತಿ ಕಾಫಿ ರೋಬಸ್ಟಾ ಅಷ್ಟು ಸಾಧು ಅಲ್ಲ, ಪಕ್ಕದ ಕಾಡಲ್ಲಿ ತಾನೇ ಹುಟ್ಕೊಳ್ಳುತ್ತೆ, ಆ ಕಥೆ ಇನ್ನೊಂದಿನ.)

ಲಂಟಾನ ಅಮೆರಿಕ ಖಂಡದ ಗಿಡ, 1800ರ ಆಸುಪಾಸಲ್ಲಿ ಬ್ರಿಟಿಷರು ಅಲಂಕಾರಕ್ಕೆ ಅಂತ ತಂದ್ರು. ನಮ್ಮನೆ ತಂತಿಬೇಲಿ ಮೇಲೆ ಪಿಕಳಾರ ಹಕ್ಕಿ ಬಂದು ಕೂರುತ್ತೆ, ಆ ಕಪ್ಪು ಹಣ್ಣು ತಿಂದು ನೇರಳೆ ಬಣ್ಣದ ಹಿಕ್ಕೆ ಹಾಕುತ್ತೆ, ಮಳೆ ಬಿದ್ಮೇಲೆ ನೋಡಿದ್ರೆ ತಂತಿ ಕೆಳಗೆ ಹಗ್ಗ ಹಿಡಿದು ನೆಟ್ಟಂಗೆ ಸಾಲಾಗಿ ಸಸಿ. ದನ ಮೂಸಿ ಮುಂದಕ್ಕೆ ಹೋಗುತ್ತೆ, ಬೇಸಿಗೇಲಿ ಹಸಿವು ತಡೀದೆ ತಿಂದ್ರೆ ಲಿವರ್ ಕೆಟ್ಟು, ಬಿಸಿಲಿಗೆ ಚರ್ಮ ಸುಲಿಯುತ್ತೆ. ತಿನ್ನೋರಿಲ್ಲದ ಮೇಲೆ ತಡೆಯೋರು ಯಾರು?

ಭದ್ರಾ ಕಾಡಲ್ಲೂ ಇದರದ್ದೇ ಕಾರುಬಾರು. ಪೊದೆ ಕೆಳಗೆ ಬೆಳಕೇ ಇಳಿಯಲ್ಲ, ಹುಲ್ಲು ಸತ್ತೋಗುತ್ತೆ, ಮತ್ತಿ, ಬೀಟೆ ಸಸಿ ಮೇಲೇಳಲ್ಲ, ಹುಲ್ಲಿಲ್ಲ ಅಂದ್ರೆ ಜಿಂಕೆ, ಕಾಟಿ ಏನು ತಿನ್ಬೇಕು? ಮರಕ್ಕೆ ಹಬ್ಬಿದ್ದಾಗ ಬೆಂಕಿ ಬಿದ್ರಂತೂ ಏಣಿ ಇಟ್ಟಂಗೆ ಉರಿ ಸೀದಾ ಕೊಂಬೆಗೆ, ಲಂಟಾನ ಮಾತ್ರ ಬೇರಿಂದ ಮತ್ತೆ ಚಿಗುರುತ್ತೆ.

ಚಿಟ್ಟೆ ವಿಷಯ ನಿಜ, ಮಕರಂದಕ್ಕೆ ಬರ್ತವೆ. ಆದ್ರೆ ನಮ್ಮ ಚಿಟ್ಟೆಗಳ ಮರಿಹುಳಕ್ಕೆ ಸಾಮಾನ್ಯವಾಗಿ ಈ ಎಲೆ ಆಗಲ್ಲ, ಮೊಟ್ಟೆ ಇಡೋಕೆ ಊರಿನ ಗಿಡನೇ ಬೇಕು. ಊಟಕ್ಕೆ ಹೋಟ್ಲಿದೆ, ಬಾಣಂತನಕ್ಕೆ ಮನೆ ಇಲ್ಲ.

ಕತ್ತೀಲಿ ಸವರಿದ್ರೆ ಸಾಲಲ್ಲ. ಹೋದ ವರ್ಷ ಬೇಸಿಗೇಲಿ ನಾನೂ ನೀಟಾಗಿ ಸವರಿಸ್ದೆ, ದಸರಾ ಹೊತ್ತಿಗೆ ಮೊದಲಿಗಿಂತ ದಟ್ಟ. ಹಣ್ಣಾಗೋ ಮುಂಚೆ, ಮಳೆ ಬಿದ್ದು ಮಣ್ಣು ಮೆತ್ತಗಾದಾಗ, ಪಿಕಾಸಿ ಹಾಕಿ ಬುಡ ಸಮೇತ ಎಬ್ಬಿಸಿ ಬೇರು ಮೇಲೆ ಮಾಡಿ ಒಣಗಿಸಿ. ಇಳಿಜಾರಲ್ಲಿ ಒಂದೇ ಸಲ ಎಲ್ಲಾ ಕೀಳ್ಬೇಡಿ, ಮಣ್ಣು ಹಳ್ಳಕ್ಕೆ ಹೋಗುತ್ತೆ. ಕಿತ್ತ ಜಾಗದಲ್ಲಿ ಹುಲ್ಲೋ ಊರಿನ ಮರದ ಸಸಿಯೋ ಬರೋ ಹಂಗೆ ನೋಡ್ಕೊಳ್ಳಿ, ಖಾಲಿ ಬಿಟ್ರೆ ಯುಪಟೋರಿಯಂ ಅನ್ನೋ ಇನ್ನೊಂದು ಕಳೆ ಬಂದು ಕೂರುತ್ತೆ.